ಅಪ್ಪನ ರಿಪೋರ್ಟು ಅಪ್ಪನಿಗೇ ಮೊದಲು

ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷವಾಯಿತು. ಹೋದ ವರ್ಷ ನನ್ನ ಕತ್ತಿನಲ್ಲಿ ಥೈರಾಯ್ಡ್ ಗಂಟು ಕಾಣಿಸಿಕೊಂಡು ಬಯಾಪ್ಸಿ ಮಾಡಿದರು. ಮೂರನೇ ದಿನ ರಾತ್ರಿ, ಮೊಸರನ್ನ ಕಲಸುತ್ತಿದ್ದಾಗ, ಫೋನಿಗೆ ರಿಪೋರ್ಟ್ ಬಂತು. ಡಾಕ್ಟರ್ ಇನ್ನೂ ನೋಡಿರಲಿಲ್ಲ. ಇಲ್ಲಿ 2016ರಲ್ಲಿ ಆದ ಕಾನೂನಿನ ಪ್ರಕಾರ, 2021ರ ಏಪ್ರಿಲ್‌ನಿಂದ, ರೋಗಿಯ ಮಾಹಿತಿಯನ್ನು ಸುಮ್ನೆ ತಡೆದು ಇಟ್ಟುಕೊಳ್ಳುವ ಹಾಗಿಲ್ಲ. ಒಬ್ಬನೇ ಕೂತು ಓದಿದೆ. ಅರ್ಧಕ್ಕರ್ಧ ಅರ್ಥವಾಗಲಿಲ್ಲ, ರಾತ್ರಿಯಿಡೀ ನಿದ್ದೆ ಬರಲಿಲ್ಲ. ಏನೂ ಭಯವಿಲ್ಲ ಅಂತ ಮರುದಿನ ಡಾಕ್ಟರ್ ಹೇಳಿದರು.

ಆ ರಾತ್ರಿಯ ಸಂಕಟ ಗೊತ್ತಿದ್ದೂ ನಾನು ಈ ಪದ್ಧತಿಯನ್ನೇ ಒಪ್ಪುತ್ತೇನೆ. ಅದಕ್ಕೆ ಕಾರಣ ಅಪ್ಪ.

ಅಪ್ಪ ಶಿವಮೊಗ್ಗದಲ್ಲಿ ಹೈಸ್ಕೂಲಿನ ವಿಜ್ಞಾನ ಮೇಷ್ಟರಾಗಿದ್ದವರು. ಆರು ವರ್ಷದ ಹಿಂದೆ ಆಸ್ಪತ್ರೆಗೆ ಹೋದಾಗ ಸ್ಕ್ಯಾನು, ರಕ್ತಪರೀಕ್ಷೆ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ಬಟ್ಟೆ ಅಂಗಡಿಯ ಚೀಲದಲ್ಲಿಟ್ಟು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಡಾಕ್ಟರ್ ಎಲ್ಲ ನೋಡಿ, “ಯಜಮಾನ್ರೇ, ನೀವು ಸ್ವಲ್ಪ ಹೊರಗೆ ಕೂತಿರಿ, ಮಗನ ಹತ್ರ ಮಾತಾಡ್ತೀನಿ” ಅಂದರು. ಅಪ್ಪ ಎದ್ದರು. ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

ಕ್ಯಾನ್ಸರ್ ಲಿವರ್‌ಗೆ ಹರಡಿತ್ತು. ಹೇಳಿದರೆ ಧೈರ್ಯ ಕಳೆದುಕೊಳ್ಳುತ್ತಾರೆ ಅಂತ ಚಿಕ್ಕಪ್ಪ, ಅತ್ತೆ ಎಲ್ಲರೂ ಅಂದರು. ಐದು ತಿಂಗಳು ಗ್ಯಾಸ್ಟ್ರಿಕ್, ಅಲ್ಸರ್ ಅಂತ ಸುಳ್ಳು ಹೇಳಿದೆವು. ಕೀಮೋ ಬೇಡ ಅಂತ ತೀರ್ಮಾನ ಮಾಡಿದ್ದೂ ನಾವೇ. ಅಪ್ಪ ಹೋದ ಮೇಲೆ ಆ ಚೀಲ ತೆಗೆದೆ. ಸ್ಕ್ಯಾನ್ ರಿಪೋರ್ಟಿನ ಹಿಂದೆ, ಪಾಠದ ಟಿಪ್ಪಣಿ ಬರೆಯುತ್ತಿದ್ದ ಹಾಗೇ, ಪೆನ್ಸಿಲಿನಲ್ಲಿ ಬರೆದಿದ್ದರು: “ಮೆಟಾಸ್ಟಾಸಿಸ್ – ಹರಡುವುದು.” ಅವರಿಗೆ ಗೊತ್ತಿತ್ತು. ನಮ್ಮ ಸುಳ್ಳಿಗೆ ನೋವಾಗದಿರಲಿ ಅಂತ ಅವರೂ ಸುಮ್ಮನಿದ್ದರು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ವೈದ್ಯರ ನಡವಳಿಕೆಗೆ ಮಾಡಿದ 2002ರ ನಿಯಮದ ಪ್ರಕಾರ, ಕೇಳಿದ 72 ಗಂಟೆಯೊಳಗೆ ರೋಗಿಗೆ ದಾಖಲೆ ಕೊಡಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ದೆಹಲಿಯ ಒಂದು ಪ್ರಕರಣ ಬಂದಿತ್ತು. ಪರೀಕ್ಷೆಗಾಗಿ ಅರಿವಳಿಕೆ ಕೊಟ್ಟ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯನ್ನು ಕೇಳಿ ತೆಗೆದಿದ್ದರು. ತುರ್ತಿಲ್ಲದಾಗ ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಹಾಗಾದರೆ ಮಗನ ಒಪ್ಪಿಗೆ ಅಪ್ಪನ ಒಪ್ಪಿಗೆ ಹೇಗಾಗುತ್ತದೆ? ಚಿಕಿತ್ಸೆ ಎಲ್ಲಿಗೆ ನಿಲ್ಲಿಸಬೇಕು ಅಂತ ಮೊದಲೇ ಬರೆದಿಡುವ ಹಕ್ಕನ್ನೂ 2018ರ ತೀರ್ಪು ಕೊಟ್ಟಿದೆ. ಆ ದಾರಿ ತೆರೆದದ್ದು ನಮ್ಮ ಹಳದೀಪುರದ ನರ್ಸ್ ಅರುಣಾ ಶಾನಭಾಗರ ಪ್ರಕರಣ. ಹಲ್ಲೆಯಲ್ಲಿ ಮಿದುಳಿಗೆ ಪೆಟ್ಟಾಗಿ, ಮುಂಬೈಯ ಆಸ್ಪತ್ರೆಯೊಂದರಲ್ಲಿ ಅವರು 42 ವರ್ಷ ಹಾಸಿಗೆಯಲ್ಲೇ ಇದ್ದರು.

ಅಮೆರಿಕದಲ್ಲಿ ಇಲ್ಲದ್ದೂ ಒಂದಿದೆ. ಬಯಾಪ್ಸಿಯ ದಿನ ಆ ಕೋಣೆಯಲ್ಲಿ ನನ್ನ ಕೈ ಹಿಡಿಯಲು ಯಾರೂ ಇರಲಿಲ್ಲ. ಊರಲ್ಲಾಗಿದ್ದರೆ ಕಾರಿಡಾರಿನಲ್ಲಿ ಫ್ಲಾಸ್ಕು ಹಿಡಿದು ನಾಲ್ಕು ಜನ ಕಾಯುತ್ತಿರುತ್ತಿದ್ದರು, ಅಲ್ವಾ? ಆ ನಾಲ್ಕು ಜನ ಬೇಕು. ರೋಗಿಯ ಬದಲು ಅಲ್ಲ, ರೋಗಿಯ ಪಕ್ಕದಲ್ಲಿ.

ಡಿಸೆಂಬರಿನಲ್ಲಿ ಅಮ್ಮನ ಕಣ್ಣಿನ ಪೊರೆ ಆಪರೇಷನ್. ಡಾಕ್ಟರ್ ಹತ್ತಿರ ಯಾರು ಮಾತಾಡಬೇಕು ಅಂತ ಫೋನಿನಲ್ಲಿ ಅಮ್ಮನನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, “ನಂಗೇ ಹೇಳ್ಲಿ. ನೀನು ಬಂದು ಪಕ್ಕದಲ್ಲಿ ಕೂತ್ಕೋ.”