ಬಿದಿರು ಬದಲಿಸುತ್ತಿದ್ದವರ ಕಥೆಯೂ ಬೇಕಿತ್ತು

ಹೊಗೆಸೊಪ್ಪು ಸೇದುವ ಜಪಾನಿನ ಕೊಳವೆ ಕಿಸೆರುವಿನ ಬಗ್ಗೆ ನೀವು ಪ್ರಕಟಿಸಿದ ಲೇಖನ ಅದರ ಲೋಹದ ಕೆತ್ತನೆಯನ್ನು ಸೊಗಸಾಗಿ ವಿವರಿಸಿದೆ. ಆದರೆ ನಡುವಿನ ಬಿದಿರಿಗೆ ಒಂದೇ ಸಾಲು ಕೊಟ್ಟಿದ್ದು ಬೇಸರ ತಂದಿತು.

ಬಟ್ಟಲು ಮತ್ತು ಬಾಯಿಗಿಡುವ ತುದಿ ಲೋಹದವು, ಅವನ್ನು ಜೋಡಿಸುವ 'ರಾವೊ' ಬಿದಿರಿನದು. ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಹೊಗೆಸೊಪ್ಪನ್ನು ಪುಟ್ಟ ಉಂಡೆ ಮಾಡಿ ತುಂಬುತ್ತಿದ್ದರು, ಕೆಲವೇ ದಮ್ಮಿಗೆ ಅದು ಮುಗಿಯುತ್ತಿತ್ತು. ಮತ್ತೆ ಮತ್ತೆ ಸೇದಿ ಬಿದಿರಿನೊಳಗೆ ಜಿಡ್ಡು ಕಟ್ಟಿದಾಗ ಅದನ್ನು ತೆಗೆಯಲು, ಹೊಸ ಬಿದಿರು ಹಾಕಿಕೊಡಲು 'ರಾವೊಯಾ' ಎಂಬ ಕಸುಬುದಾರರು ಎದೊ (ಇಂದಿನ ಟೋಕಿಯೊ) ನಗರದ ಬೀದಿಬೀದಿ ಸುತ್ತುತ್ತಿದ್ದರು. ಮುಂದೆ ಹಬೆಯಿಂದ ಕೊಳವೆ ತೊಳೆಯುವ ಕೈಗಾಡಿಗಳು ಬಂದವು. ಅವುಗಳ ಸೀಟಿ ಕೇಳಿಯೇ ಜನ ಕೊಳವೆ ಹಿಡಿದು ಹೊರಬರುತ್ತಿದ್ದರಂತೆ! ಇಂಥವರಿಲ್ಲದೆ ಕಿಸೆರು ಮೂರು ಶತಮಾನ ಬಾಳುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

17ನೇ ಶತಮಾನದ ಆರಂಭದಲ್ಲಿ ಜಪಾನನ್ನು ಆಳುತ್ತಿದ್ದ ತೊಕುಗಾವಾ ಶೋಗನ್ನರು ಹೊಗೆಸೊಪ್ಪಿನ ಮೇಲೆ ಹೇರಿದ ನಿಷೇಧಗಳಿಗೆ ಜನ ಸೊಪ್ಪು ಹಾಕಲಿಲ್ಲ ಎಂಬುದನ್ನು ಲೇಖಕರೇ ಹೇಳಿದ್ದಾರೆ. ಅದರ ಜೊತೆ 1876ರ ಇನ್ನೊಂದು ನಿಷೇಧವನ್ನೂ ಸೇರಿಸಬೇಕು. ಆ ವರ್ಷ, ಶೋಗನ್ನರ ಆಳ್ವಿಕೆ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಲ್ಲಿಸಿದಾಗ, ಕತ್ತಿಯ ಹಿಡಿ, ಒರೆಗಳಿಗೆ ಲೋಹದ ಅಲಂಕಾರ ಮಾಡುತ್ತಿದ್ದ ಹಲವರು ಹೊಟ್ಟೆಪಾಡಿಗಾಗಿ ಕಿಸೆರುವಿನ ಕೆಲಸಕ್ಕೆ ಇಳಿದರು. ಲೇಖಕರು ಮೆಚ್ಚಿಕೊಂಡ ಮೇಜಿ ಕಾಲದ ಆ ನಾಜೂಕು ಕೆತ್ತನೆಯ ಹಿಂದೆ ಈ ಕೈಗಳಿವೆ.

ನೀಗಾತಾ ಪ್ರಾಂತ್ಯದ ತ್ಸುಬಾಮೆ ಊರಿನ ಕಿಸೆರು ತಯಾರಿಕೆಯ ಬಗ್ಗೆಯೂ ದಯವಿಟ್ಟು ಬರೆಯಿರಿ.