ತುಂಬಿಟ್ಟ ಕನ್ನೋಲಿ ನನಗೆ ಬೇಡ

ಗಾಜಿನ ಕಪಾಟಿನೊಳಗೆ ಕನ್ನೋಲಿಗಳನ್ನು, ಅಂದರೆ ಕರಿದ ಕೊಳವೆಗೆ ಸಿಹಿ ತುಂಬುವ ಇಟಲಿಯ ತಿನಿಸನ್ನು, ಮೊದಲೇ ತುಂಬಿ ಸಾಲಾಗಿ ಜೋಡಿಸಿಟ್ಟಿದ್ದರೆ ನಾನು ಆ ಅಂಗಡಿಯಲ್ಲಿ ಒಂದು ಕಾಫಿ ಕುಡಿದು ಎದ್ದು ಬರುತ್ತೇನೆ. ಹೊರಗೆ 'ಅಪ್ಪಟ ಇಟಾಲಿಯನ್' ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಅಷ್ಟೇ. ಇಟಲಿಯಿಂದ ದೂರದ ಊರುಗಳಲ್ಲಿ ಅಲ್ಲಿನ ಸಿಹಿ ಹುಡುಕಿಕೊಂಡು ಅಲೆಯುವ ಚಟ ನನ್ನದು. ಜೊತೆಗೆ ಬಂದವರು ಬೋರ್ಡು, ಗೋಡೆಯ ಮೇಲಿನ ಹಳೇ ವೆಸ್ಪಾ ಚಿತ್ರ, ಮಾಲೀಕರ ಹೆಸರು ಇವನ್ನೆಲ್ಲ ನೋಡಿ ಖುಷಿಪಡುತ್ತಾರೆ. ನಾನು ಕೌಂಟರಿನಲ್ಲಿ ಕೇಳುವುದು ಒಂದೇ: ಇದನ್ನು ತುಂಬಿ ಎಷ್ಟು ಹೊತ್ತಾಯಿತು?

ಯಾಕೆ ಅಂದರೆ, ಕನ್ನೋಲಿಯ ಜೀವ ಇರುವುದೇ ಆ ಹೊತ್ತಿನಲ್ಲಿ. ಇಟಲಿಯ ಸಿಸಿಲಿ ದ್ವೀಪದವರು ಮೈದಾಕ್ಕೆ ಹಂದಿಕೊಬ್ಬು, ಸ್ವಲ್ಪ ಮಾರ್ಸಾಲಾ ವೈನ್ ಹಾಕಿ ಕಲಸಿ, ತೆಳ್ಳಗೆ ಲಟ್ಟಿಸಿ, ಕೊಳವೆಗೆ ಸುತ್ತಿ ಕರಿಯುತ್ತಾರೆ. (ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ಬೆಣ್ಣೆ ಹಾಕಿ ಮಾಡುವವರೂ ಇದ್ದಾರೆ.) ಮೈತುಂಬ ಗುಳ್ಳೆ ಎದ್ದ ಆ ಗರಿಗರಿ ಕೊಳವೆಯೊಳಗೆ ಹೋಗುವುದು ಸಕ್ಕರೆ ಬೆರೆಸಿದ ರಿಕೋಟಾ ಎಂಬ ಕುರಿಹಾಲಿನ ಗರಣೆ. ಅದರಲ್ಲಿ ನೀರಿನಂಶವಿದೆ. ತುಂಬಿ ಬಹಳ ಹೊತ್ತು ಬಿಟ್ಟರೆ ಕೊಳವೆ ಮೆತ್ತಗಾಗುತ್ತದೆ, ಆಮೇಲೆ ಕಚ್ಚಿದರೆ ಸದ್ದೇ ಇಲ್ಲ. ಅದಕ್ಕೇ ಸಿಸಿಲಿಯ ಒಳ್ಳೆಯ ಅಂಗಡಿಗಳಲ್ಲಿ ಕೊಳವೆ ಖಾಲಿ ಇಟ್ಟಿರುತ್ತಾರೆ, ನೀವು ಕೇಳಿದ ಮೇಲೆ ತುಂಬಿಕೊಡುತ್ತಾರೆ. ಪಲೆರ್ಮೋ ಹತ್ತಿರದ ಬೆಟ್ಟದೂರು ಪಿಯಾನಾ ದೆಲ್ಯಿ ಅಲ್ಬನೇಸಿಗೆ ಕನ್ನೋಲಿ ತಿನ್ನಲೆಂದೇ ಹೋಗುವವರಿದ್ದಾರೆ. ಹೀಗೆ ತುಂಬಿಕೊಡುವುದಕ್ಕೆ ಇಟಲಿಯ ನೀರೂ ಬೇಡ, ಅಜ್ಜಿಯ ಗುಟ್ಟೂ ಬೇಡ. ಜಗತ್ತಿನ ಯಾವ ಮೂಲೆಯಲ್ಲಾದರೂ ಮಾಡಬಹುದು. ಮಾಡುವುದಿಲ್ಲ ಅನ್ನುವುದೇ ನನ್ನ ತಕರಾರು.

ರಿಕೋಟಾದ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ಚೀಸ್ ತೆಗೆದ ಮೇಲೆ ಉಳಿಯುವ ಹಾಲೊಡಕಿನ ನೀರನ್ನು ಮತ್ತೆ ಕಾಯಿಸಿದಾಗ ಮೇಲೆ ತೇಲಿಬರುವ ಮೆತ್ತನೆಯ ಗರಣೆ ಅದು. ಕುರಿಯ ಹಾಲಿನಲ್ಲಿ ಕೊಬ್ಬು ಹಸುವಿನ ಹಾಲಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು, ಹಾಗಾಗಿ ಕುರಿಹಾಲಿನ ರಿಕೋಟಾಕ್ಕೆ ಅದರದೇ ನುಣುಪು, ಅದರದೇ ಒಂದು ಕಾಡುವಾಸನೆ. ಕುರಿಹಾಲು ಸಿಗದ ಕಡೆ ಹಸುವಿನ ಹಾಲಿನದ್ದನ್ನು ಬಟ್ಟೆಯಲ್ಲಿ ರಾತ್ರಿಯಿಡೀ ಸೋಸಿ ಬಳಸುವವನ ಮೇಲೆ ನನಗೆ ಗೌರವವಿದೆ. ಮಾಸ್ಕರ್ಪೋನೆ ಎಂಬ ದಪ್ಪ ಕೆನೆಚೀಸು ಬೆರೆಸಿದರೂ ಸಹಿಸುತ್ತೇನೆ. ಆದರೆ ಡಬ್ಬದ ಕ್ರೀಮು ಒತ್ತಿ, ತುದಿಗೆ ಬಣ್ಣಬಣ್ಣದ ಸಕ್ಕರೆ ಕಾಳು ಉದುರಿಸಿ 'ಸಿಸಿಲಿಯ ಸಂಪ್ರದಾಯ' ಅಂದರೆ ಮೈ ಉರಿಯುತ್ತದೆ.

ಇನ್ನು ನೇಪಲ್ಸಿನ ಸ್ಫೋಲ್ಯಾತೆಲ್ಲಾ ಎಂಬ, ರಿಕೋಟಾ ತುಂಬಿ ಬೇಯಿಸಿದ ತಿನಿಸು. ಅಮಾಲ್ಫಿ ಕರಾವಳಿಯ ಕೊಂಕಾ ದೇಯ್ ಮರೀನಿಯಲ್ಲಿರುವ ಸಾಂತಾ ರೋಸಾ ಕನ್ಯಾಮಠದಲ್ಲಿ ಹುಟ್ಟಿದ್ದು ಎನ್ನುತ್ತಾರೆ. 1818ರಲ್ಲಿ ಪಸ್ಕ್ವಾಲೆ ಪಿಂತೌರೋ ಅದನ್ನು ನೇಪಲ್ಸಿನ ವಿಯಾ ತೊಲೆದೋ ಬೀದಿಗೆ ತಂದು ಮಾರಿದರಂತೆ. ಚಿತ್ರಗಳಲ್ಲಿ ಎಲ್ಲರೂ ನೋಡಿರುವ ಪದರಪದರದ ಚಿಪ್ಪಿನಂಥದ್ದು ಅದರ 'ರಿಚ್ಚಾ' ಎಂಬ ಬಗೆ. ಹಿಟ್ಟನ್ನು ಕಾಗದಕ್ಕಿಂತ ತೆಳ್ಳಗೆ ಎಳೆದು, ಕೊಬ್ಬು ಸವರಿ, ಬಿಗಿಯಾಗಿ ಸುರುಳಿ ಸುತ್ತಿ, ತಣ್ಣಗಿಟ್ಟು, ಬಿಲ್ಲೆ ಕತ್ತರಿಸಿ, ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ಶಂಕುವಿನಂತೆ ಹಿಗ್ಗಿಸಬೇಕು. ಒಳಗೆ ರವೆ, ರಿಕೋಟಾ, ದಾಲ್ಚಿನ್ನಿ, ಸಕ್ಕರೆಪಾಕ ಕುಡಿದ ಕಿತ್ತಳೆ ಸಿಪ್ಪೆ. ಇಷ್ಟು ಕೆಲಸವನ್ನು ದೂರದೂರಿನ ಸಣ್ಣ ಬೇಕರಿ ದಿನಾ ಮಾಡುತ್ತದೆಂದು ನಂಬುವುದು ಕಷ್ಟ. ಬಹಳ ಕಡೆ ಅದು ಹಸಿಯಾಗಿ, ಫ್ರೀಜ್ ಆಗಿ ಬಂದು ಅಂಗಡಿಯ ಓವನ್ನಿನಲ್ಲಿ ಬೇಯುತ್ತದೆ. ಇಲ್ಲಿ ನಾನು ಶುದ್ಧವಾದಿಗಳ ಪಕ್ಷ ಬಿಟ್ಟೆ. ಬೇಯಿಸಿ ಬಿಸಿಬಿಸಿ ಕೊಟ್ಟರೆ ಸಾಕು, ನನಗೆ ದೂರಿಲ್ಲ. ಇಟಲಿಯಲ್ಲೇ ಅನೇಕ ಕಾಫಿ ಬಾರ್‌ಗಳ ಬೆಳಗಿನ ಕೊರ್ನೆತ್ತೋ (ಕ್ರೊಯ್ಸಾಂಟಿನಂಥ ಬನ್ನು) ಕಾರ್ಖಾನೆಯ ಫ್ರೀಜರಿನಿಂದ ಬರುತ್ತದೆ. ಅಲ್ಲಿನವರು ಸುಮ್ಮನೆ ತಿನ್ನುವಾಗ ನಾವ್ಯಾಕೆ ಮೂಗು ಮುರಿಯಬೇಕು?

ವಲಸೆ ಹೋದವರ ಅಂಗಡಿಗಳನ್ನು 'ಕಲಬೆರಕೆ' ಎಂದು ತಳ್ಳಿಹಾಕುವವರ ಜೊತೆಗೂ ನನ್ನದು ಹಳೇ ಜಗಳ. ನ್ಯೂಯಾರ್ಕಿನ ಫೆರಾರಾ 1892ರದ್ದು, ವೆನಿಯೇರೋಸ್ 1894ರದ್ದು. ಅಮೆರಿಕದ ಇಟಾಲಿಯನ್ ಬೇಕರಿಗಳಲ್ಲಿ ಸ್ಫೋಲ್ಯಾತೆಲ್ಲಾ ದಪ್ಪಗೆ ಬೆಳೆದು, ಹೊಟ್ಟೆತುಂಬ ಕ್ರೀಮು ತುಂಬಿಕೊಂಡು 'ಲಾಬ್‌ಸ್ಟರ್ ಟೇಲ್' ಆಗಿದೆ. ನೇಪಲ್ಸಿನವರು ಮುಖ ಸಿಂಡರಿಸಲಿ ಬಿಡಿ. ಎಲ್ಲರೂ ಪುರಾತನ ಅಂದುಕೊಂಡಿರುವ ತಿರಮಿಸು, ಅಂದರೆ ಕಾಫಿಯಲ್ಲಿ ನೆನೆಸಿದ ಬಿಸ್ಕತ್ತು, ಮಾಸ್ಕರ್ಪೋನೆಗಳ ಸಿಹಿ, ಇಟಲಿಯ ಟ್ರೆವಿಸೋ ಊರಿನ ಲೆ ಬೆಕ್ಕೆರಿಯೆ ರೆಸ್ಟೋರೆಂಟಿನ ಮೆನು ಸೇರಿದ್ದೇ 1970ರ ದಶಕದಲ್ಲಿ. ನ್ಯೂಯಾರ್ಕಿನ ಆ ಅಂಗಡಿಗಳಿಗೆ ಆಗಲೇ ಮುಕ್ಕಾಲು ಶತಮಾನ ದಾಟಿತ್ತು. ಈಗ ಯಾವುದು ಹಳತು, ಯಾವುದು ಅಪ್ಪಟ ಅಂತ ನೀವೇ ಹೇಳಿ.

ಕ್ರಿಸ್‌ಮಸ್ಸಿನ ಉಬ್ಬಿದ ಸಿಹಿ ಬ್ರೆಡ್ಡು ಪನೆಟ್ಟೋನೆಗೆ ಕಾನೂನಿನ ಬೆಂಬಲವೂ ಇದೆ. ಇಟಲಿ ಸರ್ಕಾರದ 2005ರ ಆದೇಶದ ಪ್ರಕಾರ ಆ ಹೆಸರು ಬೇಕಾದರೆ ಸಹಜ ಹುಳಿಹಿಟ್ಟಿನಲ್ಲಿ ಹುದುಗಿರಬೇಕು, ಬೆಣ್ಣೆ ಕನಿಷ್ಠ ಶೇ. 16 ಇರಬೇಕು, ಒಣದ್ರಾಕ್ಷಿ ಮತ್ತು ಸಕ್ಕರೆಪಾಕದ ಹಣ್ಣಿನ ಸಿಪ್ಪೆ ಕನಿಷ್ಠ ಶೇ. 20. ಬೇರೆ ದೇಶದಲ್ಲಿ ಮಾಡುವವರಿಗೆ ಈ ಆದೇಶದ ಹಂಗಿಲ್ಲ. ಆದ್ದರಿಂದ ಡಬ್ಬಿಯ ಮುಂದಿನ ಬಾವುಟ ಬಿಟ್ಟು ಹಿಂದಿನ ಸಣ್ಣಕ್ಷರ ಓದಿ. ಬೆಣ್ಣೆಯ ಜಾಗದಲ್ಲಿ ವನಸ್ಪತಿ ಕಂಡರೆ ಅಲ್ಲೇ ಇಟ್ಟುಬಿಡಿ.

ನಿಜ ಹೇಳಬೇಕೆಂದರೆ, ದೂರದಲ್ಲಿರುವವರು ಮೊದಲು ಹುಡುಕಬೇಕಾದದ್ದು ಇವು ಯಾವುವೂ ಅಲ್ಲ, ಒಣ ತಿನಿಸುಗಳು. ಸಿಯೆನಾದ ಒಣಹಣ್ಣು-ಬೀಜಗಳ ಪಾನ್‌ಫೋರ್ತೆ, ಬಾದಾಮಿಯ ಅಮರೆತ್ತಿ ಬಿಸ್ಕತ್ತು, ಜೇನಿನ ತೊರೋನೆ ಮಿಠಾಯಿ, ಪ್ರಾತೋದ ಬಾದಾಮಿ ಬಿಸ್ಕತ್ತು ಕಾಂತುಚ್ಚಿ. ಕೆಡದೆ ಬಹಳ ದಿನ ಬಾಳುತ್ತವೆ, ಹಡಗಿನಲ್ಲಿ ಬಂದರೂ ರುಚಿ ಕಳೆದುಕೊಳ್ಳುವುದಿಲ್ಲ. ಪ್ರಾತೋದಲ್ಲಿ 1858ರಲ್ಲಿ ಶುರುವಾದ ಮತ್ತೇಯ್ ಅಂಗಡಿ ಇವತ್ತಿಗೂ ಕಾಂತುಚ್ಚಿ ಮಾಡುತ್ತಿದೆ. ಕ್ರೀಮಿಲ್ಲ, ಪದರವಿಲ್ಲ, ಫೋಟೋದಲ್ಲಿ ಕಂದು ಚೂರಿನಂತೆ ಕಾಣುತ್ತದೆ, ಅದಕ್ಕೇ ಯಾರೂ ಕೇಳುವುದಿಲ್ಲ. ಸಿಕ್ಕಿದಾಗ 'ಕಲ್ಲಿನ ಹಾಗಿದೆ' ಅಂತ ವಾಪಸ್ ಕೊಡಬೇಡಿ. ಎರಡು ಸಲ ಬೇಯಿಸಿದ್ದು, ಗಟ್ಟಿಯಾಗಿಯೇ ಇರಬೇಕು. ಪ್ರಾತೋ ಇರುವ ತಸ್ಕನಿ ಪ್ರಾಂತ್ಯದವರು ವಿನ್ ಸಾಂತೋ ಎಂಬ ಸಿಹಿ ವೈನಿನಲ್ಲಿ ಅದ್ದುತ್ತಾರೆ. ಅದಿಲ್ಲದಿದ್ದರೆ ಕಾಫಿಯಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಿಡಿದು ತಿನ್ನಿ.