ಬೀದಿದೀಪ ಕ್ಲೋಸ್ ಆಗಿದೆ

ಮಂಗಳವಾರ ರಾತ್ರಿ ಏಳೂಮುಕ್ಕಾಲಿಗೆ ಫೋನಿಗೆ ಮೆಸೇಜು ಬಂತು. 'ತಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ. ಧನ್ಯವಾದಗಳು.' ಆಗ ನಾನು ಮನೆ ಮುಂದೆ ನಿಂತಿದ್ದೆ. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಇನ್ನೊಂದು ಕೈಯಲ್ಲಿ ಅದೇ ಫೋನು. ಅದರ ಟಾರ್ಚ್ ಹಾಕಿಕೊಂಡು ಗೇಟಿನ ಚಿಲಕ ಹುಡುಕುತ್ತಿದ್ದೆ. ನಾನು ದೂರು ಕೊಟ್ಟಿದ್ದು ಆ ಗೇಟಿನ ಮುಂದಿನ ಬೀದಿದೀಪದ ಬಗ್ಗೆ. ಅದು ಕೆಟ್ಟು ಅವತ್ತಿಗೆ 23 ದಿನ.

ಮೆಸೇಜು ಓದಿ ತಲೆಯೆತ್ತಿ ಕಂಬ ನೋಡಿದೆ. ಕಂಬ ಕಾಣಲಿಲ್ಲ.

ಬೇರೆಯವರಾಗಿದ್ದರೆ ಅಲ್ಲೇ ನಿಂತು ಬೈಯುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಹೆಬ್ಬಾಳದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ 14 ವರ್ಷದಿಂದ ಅನ್ನ ಸಂಪಾದಿಸುತ್ತಿದ್ದೇನೆ. (ಮೈಸೂರಿನ ಹೆಬ್ಬಾಳ. ಬೆಂಗಳೂರಿನ ಹೆಬ್ಬಾಳವಾಗಿದ್ದರೆ ಟ್ರಾಫಿಕ್ಕಿನ ನೆಪವಾದರೂ ಇರುತ್ತಿತ್ತು.) ಆಗದ ಕೆಲಸಕ್ಕೆ 'ಆಗಿದೆ' ಅಂತ ಬರೆಯೋದು ನಮ್ಮ ಕುಲಕಸುಬು. ಅಂಗಡಿ ಇಟ್ಟುಕೊಂಡವನು ಪಕ್ಕದ ಅಂಗಡಿಯವನ ತಕ್ಕಡಿ ಬಗ್ಗೆ ಮಾತಾಡಬಾರದು, ಅಲ್ವಾ?

ನಮ್ಮ ಕಸುಬಿನ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸಾಫ್ಟ್‌ವೇರಿನಲ್ಲಿ ಸಿಗುವ ತಪ್ಪಿಗೆ ಬಗ್ ಅನ್ನುತ್ತೇವೆ. ಅಂದರೆ ಹುಳ. ಎಡಿಸನ್ 1878ರಲ್ಲೇ ಒಂದು ಕಾಗದದಲ್ಲಿ ಈ ಮಾತು ಬಳಸಿದ್ದ. ಆದರೆ 1947ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿ ಹಾರ್ವರ್ಡ್ ಮಾರ್ಕ್ 2 ಅನ್ನೋ ಕಂಪ್ಯೂಟರ್ ಕೈಕೊಟ್ಟಿತು. ಬಿಚ್ಚಿ ನೋಡಿದರೆ ಒಳಗಿನ ರಿಲೇ ಅನ್ನೋ ಸ್ವಿಚ್ಚಿನಲ್ಲಿ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಇದ್ದ ತಂಡ ಅದು. ಅವರು ಪತಂಗವನ್ನು ಹೊರಗೆ ತೆಗೆದರು. ಕೆಲಸದ ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿದರು. 'ಹುಳ ನಿಜವಾಗಿ ಸಿಕ್ಕಿದ ಮೊದಲ ಪ್ರಕರಣ' ಅಂತ ಕೆಳಗೆ ಬರೆದರು. ಆ ಪುಟ ಈಗಲೂ ಅಲ್ಲಿನ ಸ್ಮಿತ್ಸೋನಿಯನ್ ಮ್ಯೂಸಿಯಂನವರ ಹತ್ತಿರ ಜೋಪಾನವಾಗಿದೆ.

ಅವರು ಹುಳ ತೆಗೆದು ಆಮೇಲೆ ಬರೆದರು. ಈಗ ಬರೆಯೋದು ಮಾತ್ರ ಉಳಿದಿದೆ.

ಹುಳ ಜಾಸ್ತಿ ಆದಂತೆ ಪುಸ್ತಕ ಸಾಲಲಿಲ್ಲ. 1998ರಲ್ಲಿ ಮೊಜಿಲ್ಲಾದವರು ಬಗ್ಗುಗಳ ಲೆಕ್ಕ ಇಡೋಕೆ ಬಗ್‌ಜಿಲ್ಲಾ ಅನ್ನೋ ತಂತ್ರಾಂಶ ತಂದರು. 2002ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯವರು ಅಂಥದ್ದೇ ಜಿರಾ ತಂದರು. ಆ ಹೆಸರು ಬಂದದ್ದು ಗೋಜಿರಾದಿಂದ, ಅಂದರೆ ಸಿನಿಮಾದ ಗಾಡ್ಜಿಲ್ಲಾನ ಜಪಾನಿ ಹೆಸರಿನಿಂದ. ಹುಳ ಹಿಡಿಯೋಕೆ ಹೊರಟವರು ರಾಕ್ಷಸನ್ನ ಸಾಕಿಕೊಂಡರು.

ಏರ್ಪಾಡು ಮಾತ್ರ ಚೆನ್ನಾಗಿದೆ, ಸುಳ್ಳು ಹೇಳಬಾರದು. ಒಂದೊಂದು ಬಗ್ಗಿಗೂ ನಂಬರು. ಯಾರು ಕಂಡುಹಿಡಿದರು, ಯಾರ ತಲೆಗೆ ಕಟ್ಟಿದೆ, ಎಷ್ಟು ಗಂಭೀರ, ಎಲ್ಲ ಬರೆದಿರುತ್ತದೆ. ಸರಿಮಾಡಿದವನು 'ಪರಿಹಾರವಾಯಿತು' ಅನ್ನಬಹುದು, ಅಷ್ಟೇ. ಹೌದೋ ಅಲ್ಲವೋ ಅಂತ ಇನ್ನೊಬ್ಬರು ನೋಡಿ, ಆಮೇಲೆ ಮುಚ್ಚಬೇಕು. ಆದರೆ ಬಗ್‌ಜಿಲ್ಲಾ ಕಾಲದಿಂದಲೂ ಪರಿಹಾರದ ಮನೆಗೆ ಐದು ಬಾಗಿಲು. ಸರಿಮಾಡಿದೆ ಅನ್ನೋದು ಒಂದು. ಇದು ದೂರೇ ಅಲ್ಲ ಅನ್ನೋದು ಇನ್ನೊಂದು. ಆಮೇಲೆ, ಇದು ಬೇರೆ ದೂರಿನ ನಕಲು. ಇದನ್ನು ನಾವು ಸರಿಮಾಡಲ್ಲ. ನನ್ನ ಹತ್ತಿರ ಸರಿಯಾಗೇ ಓಡುತ್ತಿದೆ. ಐದರಲ್ಲಿ ಒಂದು ಬಾಗಿಲಲ್ಲಿ ಹೋಗೋಕೆ ಮಾತ್ರ ಕೆಲಸ ಮಾಡಬೇಕು. ಉಳಿದ ನಾಲ್ಕರ ಹೊಸ್ತಿಲು ಸವೆದು ಹೋಗಿದೆ.

ಹೋದ ರಿಲೀಸ್‌ನ, ಅಂದರೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹೊರಬಿಟ್ಟಾಗಿನ, ಕತೆ ಕೇಳಿ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಓಪನ್ ಇದ್ದ ಬಗ್ 140. ಮ್ಯಾನೇಜರ್ ಬಂದು, 'ಸಂಜೆಗೆ ಸೊನ್ನೆ ಕಾಣಬೇಕು' ಅಂದರು. ಬಗ್ ಸರಿಮಾಡಿ ಅನ್ನಲಿಲ್ಲ, ಆ ಮಟ್ಟಿಗೆ ಪ್ರಾಮಾಣಿಕರು. ಕಾಫಿ ಬರೋ ಹೊತ್ತಿಗೆ 90 ಆಯಿತು. ಐದು ಗಂಟೆಗೆ ಸೊನ್ನೆ. ಡ್ಯಾಶ್‌ಬೋರ್ಡು ಗದ್ದೆ ಥರ ಹಸಿರಾಯಿತು. ಮ್ಯಾನೇಜರ್ ಮೈಸೂರು ಪಾಕ್ ತರಿಸಿ ಹಂಚಿದರು.

ನಮ್ಮ ಟೆಸ್ಟರ್, ಅಂದರೆ ಬಗ್ ಹುಡುಕಿ ಕೊಡುವವಳು, ಮಂಡ್ಯದ ಹುಡುಗಿ, ದಿನಾ ಟ್ರೈನಲ್ಲಿ ಬರುತ್ತಾಳೆ. ಅವಳು ಮೈಸೂರು ಪಾಕ್ ಮುಟ್ಟಲಿಲ್ಲ. ನೇರ ನನ್ನ ಮೇಜಿನ ಹತ್ತಿರ ಬಂದಳು.

'ಸಾ, ನಾನ್ ಹಾಕಿದ್ ಬಗ್ಗಿಗೆ ನಿಮ್ ಹತ್ರ ಸರಿಯಾಗೇ ಓಡ್ತದೆ ಅಂತ ಬರ್ದಿದ್ದೀರಲ್ಲ. ನಿಮ್ಮನೆ ನಲ್ಲೀಲಿ ನೀರ್ ಬತ್ತದೆ ಅಂದ್ರೆ ನಮ್ಮನೆ ಬಿಂದಿಗೆ ತುಂಬ್ಬುಡ್ತದಾ?'

ನಾನು ಬಾಯಲ್ಲಿದ್ದ ಮೈಸೂರು ಪಾಕ್ ನುಂಗಿದೆ.

ಅವಳ ಇನ್ನೊಂದು ಬಗ್ಗನ್ನೂ ಅವತ್ತು ನಾನು ಮುಗಿಸಿದ್ದೆ. ಅದು ಸ್ವಲ್ಪ ವಿವರಿಸಿ ಹೇಳಬೇಕಾದ್ದು. ನಮ್ಮ ಸಾಫ್ಟ್‌ವೇರಿನಲ್ಲಿ ವಿಳಾಸದ ಜೊತೆ 'ಹತ್ತಿರದ ಗುರುತು' ಅಂತ ಒಂದು ಖಾನೆ ಇದೆ. ಅದಕ್ಕೆ ಕೊಟ್ಟ ಜಾಗ 60 ಬೈಟು. ಬೈಟು ಅಂದರೆ ಕಂಪ್ಯೂಟರಿನಲ್ಲಿ ಜಾಗದ ಅಳತೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡೋಕೆ ಈಗ ಎಲ್ಲರೂ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡಕ್ಕೆ ಮೂರು ಬೇಕು. ಅದೂ ಇಡೀ ಅಕ್ಷರಕ್ಕಲ್ಲ. ಕೊಂಬಿಗೆ ಬೇರೆ ಮೂರು, ಸೊನ್ನೆಗೆ ಬೇರೆ ಮೂರು, ಒತ್ತು ಕೂಡಿಸುವ ಚಿಹ್ನೆಗೆ ಬೇರೆ ಮೂರು. ಯಾರೋ ಪುಣ್ಯಾತ್ಮರು 'ಚಾಮುಂಡೇಶ್ವರಿ ದೇವಸ್ಥಾನ' ಅಂತ ಬರೆದರು. ಲೆಕ್ಕ ಹಾಕಿ: ಚಾಮುಂಡೇಶ್ವರಿಗೆ 36, ದೇವಸ್ಥಾನಕ್ಕೆ 24, ನಡುವಿನ ಖಾಲಿ ಜಾಗಕ್ಕೆ 1. ಒಟ್ಟು 61. ಒಂದೇ ಒಂದು ಬೈಟಿಗೆ ಕೊನೆಯ 'ನ' ಕತ್ತರಿಸಿ ಹೋಯಿತು. ಅದರ ಜಾಗದಲ್ಲಿ ಕಪ್ಪು ವಜ್ರದೊಳಗೆ ಕೂತ ಒಂದು ಪ್ರಶ್ನಾರ್ಥಕ ಚಿಹ್ನೆ.

60 ಅನ್ನೋದನ್ನು 200 ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಶುಕ್ರವಾರ ಸಂಜೆ ಯಾರು ಡೇಟಾಬೇಸಿಗೆ ಕೈಹಾಕುತ್ತಾರೆ? ನಾನು ಬರೆದೆ: 'ಸರಿಮಾಡಲಾಗುವುದಿಲ್ಲ. ಗ್ರಾಹಕರು ಚಿಕ್ಕ ಹೆಸರಿನ ದೇವರನ್ನು ಗುರುತಾಗಿ ಕೊಡತಕ್ಕದ್ದು. ಉದಾ: ಗಣೇಶ.' ಮ್ಯಾನೇಜರ್ ಅದಕ್ಕೆ ಹೆಬ್ಬೆರಳ ಗುರುತು ಒತ್ತಿದರು.

ಇನ್ನು ದೀಪಕ್ಕೆ ಬರುತ್ತೇನೆ.

ದೀಪ ಕೆಟ್ಟ ಎರಡನೇ ದಿನವೇ ಆ್ಯಪಿನಲ್ಲಿ ದೂರು ಹಾಕಿದ್ದೆ. ನಂಬರು ಬಂತು. ನಂಬರು ಬಂದರೆ ಮನಸ್ಸಿಗೆ ಏನೋ ಸಮಾಧಾನ, ಅರ್ಧ ದೀಪ ಹತ್ತಿದ ಹಾಗೆ. ಎರಡು ದಿನ ಬಿಟ್ಟು ಉತ್ತರ ಬಂತು. 'ಸ್ಥಳಕ್ಕೆ ಬೆಳಿಗ್ಗೆ 11.30ಕ್ಕೆ ಭೇಟಿ ನೀಡಿ ಪರಿಶೀಲಿಸಲಾಯಿತು. ಸದರಿ ಸಮಯದಲ್ಲಿ ದೀಪ ಉರಿಯತಕ್ಕದ್ದಲ್ಲ, ಉರಿಯುತ್ತಿಲ್ಲ. ಸರಿಯಾಗಿದೆ.' ಮಂಡ್ಯದ ಹುಡುಗಿ ನೆನಪಾದಳು.

ಆಮೇಲೆ ನಾನು, ಮೂಲೆಮನೆ ಮೇಷ್ಟ್ರು, ದಿನಸಿ ಅಂಗಡಿಯವರು, ಮೂವರೂ ಸೇರಿ ಬೇರೆ ಬೇರೆ ದೂರು ಹಾಕಿದೆವು. ಒಗ್ಗಟ್ಟಿನಲ್ಲಿ ಬಲ ಅಂತ. ಮೇಷ್ಟ್ರ ದೂರು ನನ್ನ ದೂರಿನ ನಕಲು ಅಂತ ಮುಚ್ಚಿದರು. ನನ್ನದು ಅಂಗಡಿಯವರದ್ದರ ನಕಲು. ಅಂಗಡಿಯವರದ್ದು ಮೇಷ್ಟ್ರದ್ದರ ನಕಲು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಹಾಕಿಕೊಂಡು ಓದಿದರು. 'ಮೂಲ ಪ್ರತಿ ಎಲ್ಲಿದೆಯಪ್ಪಾ?' ಅಂದರು.

ಮತ್ತೆ ಹಾಕಿದೆ. ಕಂಬದ ನಂಬರು ಕೊಡಿ ಅಂದರು. ಕಂಬಕ್ಕೆ ನಂಬರೇನೋ ಬರೆದಿದ್ದಾರೆ. ಅದರ ಮೇಲೆ ಟ್ಯೂಷನ್ನಿನ ಪೋಸ್ಟರು. ಅದರ ಮೇಲೆ ಹೆಣ್ಣುಮಕ್ಕಳ ಪಿ.ಜಿ.ಯದ್ದು. ಅದರ ಮೇಲೆ ಮೂಲವ್ಯಾಧಿಗೆ ಆಪರೇಷನ್ ಇಲ್ಲದ ಚಿಕಿತ್ಸೆ. ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ದೋಸೆ ಸಟ್ಟುಗ ಕದ್ದು ತಂದು ಒಂದೊಂದೇ ಪದರ ಕೆರೆದೆ. ಹಾದಿಯಲ್ಲಿ ಹೋಗುವವರು ನಾನೂ ಪೋಸ್ಟರ್ ಅಂಟಿಸುವವನು ಅಂದುಕೊಂಡು ರೇಟು ಕೇಳಿದರು. ಕೊನೆಗೆ ನಂಬರು ಸಿಕ್ಕಿತು. ಕೊನೆಯ ಅಂಕಿ 3 ಇರಬಹುದು, 8 ಇರಬಹುದು. ಸಟ್ಟುಗ ಹಾಳಾಯಿತು. ಆ ದೂರು ಇನ್ನೂ ಮನೆಯಲ್ಲಿ ಓಪನ್ ಇದೆ.

ಅನುಮಾನ ಬೇಡ ಅಂತ ನಂಬರಿನ ಜೊತೆ ಗುರುತಿನ ಖಾನೆಯಲ್ಲಿ 'ಚಾಮುಂಡೇಶ್ವರಿ ದೇವಸ್ಥಾನದ ಎದುರು' ಅಂತಲೂ ಬರೆದೆ. ಕಳಿಸಿದ ಮೇಲೆ ತೆರೆ ಮೇಲೆ ಕಂಡದ್ದು: ಚಾಮುಂಡೇಶ್ವರಿ ದೇವಸ್ಥಾ. ಅದರ ಪಕ್ಕ ಕಪ್ಪು ವಜ್ರ, ಒಳಗೆ ಪ್ರಶ್ನೆ. ಮಾರನೇ ದಿನ ಉತ್ತರ: 'ವಿಳಾಸ ಅಪೂರ್ಣ. ದೂರು ಅಸಿಂಧು.'

ಆಣೆ ಮಾಡಿ ಹೇಳುತ್ತೇನೆ, ಆ ಆ್ಯಪು ನಮ್ಮ ಕಂಪನಿ ಮಾಡಿದ್ದಲ್ಲ. ಮಾಡಿದವನು ಯಾರೋ ನನಗೆ ಗೊತ್ತೂ ಇಲ್ಲ. ಆದರೂ ಆ ವಜ್ರ ನೋಡಿದಾಗ ಪಕ್ಕದ ಮನೆ ಕೂಸಿನ ಮುಖದಲ್ಲಿ ನನ್ನ ಮೂಗು ಕಂಡ ಹಾಗಾಯಿತು. ಅವನೂ ಯಾವುದೋ ಶುಕ್ರವಾರ ಸಂಜೆ ಮನೆಗೆ ಹೊರಟಿದ್ದ.

ನನ್ನ ಉಪಾಯವನ್ನು ನಾನೇ ಪಾಲಿಸಿದೆ. ಗುರುತು: ಗಣೇಶ. ದೂರು ತಕ್ಷಣ ಸ್ವೀಕಾರವಾಯಿತು. ನಮ್ಮ ಬೀದಿಯಲ್ಲಿ ಗಣೇಶನ ಗುಡಿ ಇಲ್ಲ ಅನ್ನೋದು ಬೇರೆ ವಿಷಯ. ಮೈಸೂರಿನಲ್ಲಿ ಗಣೇಶನಿಗೇನು ಬರವೇ? ಯಾವುದೋ ಬಡಾವಣೆಯ ಯಾವುದೋ ಗಣೇಶನ ಮುಂದೆ ಮೊದಲಿನಿಂದಲೂ ಚೆನ್ನಾಗಿ ಉರಿಯುತ್ತಿದ್ದ ದೀಪದ ಫೋಟೋ ತೆಗೆದು ಲಗತ್ತಿಸಿ, ಮಂಗಳವಾರ ಏಳೂಮುಕ್ಕಾಲಿಗೆ ನನಗೆ ಧನ್ಯವಾದ ಹೇಳಿದ್ದರು.

ಆಫೀಸಿನಲ್ಲಿ ಈ ಕತೆ ಹೇಳಿದಾಗ ಮ್ಯಾನೇಜರ್ ಗಂಭೀರವಾಗಿ ಪಾಠ ಮಾಡಿದರು. ಗಂಭೀರತೆ ಬೇರೆ, ಆದ್ಯತೆ ಬೇರೆ. ಲೋಗೋದಲ್ಲಿ ಒಂದಕ್ಷರ ತಪ್ಪಿದರೆ ಯಾರೂ ಸಾಯಲ್ಲ, ಆದರೆ ಮೊದಲು ಸರಿಯಾಗೋದು ಅದೇ. ಹೌದು, ನೋಡಿದ್ದೇನೆ. ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು. ಭಾನುವಾರ ಸಂಜೆ ಅವೆಲ್ಲ ಒಟ್ಟಿಗೆ ಹತ್ತಿದಾಗ ಜನ 'ಹೋ' ಅನ್ನುತ್ತಾರೆ. ನಾನೂ ಅನ್ನುತ್ತೇನೆ, ಆಮೇಲೆ ಟಾರ್ಚ್ ಹಾಕಿಕೊಂಡು ಮನೆಗೆ ಹೋಗುತ್ತೇನೆ. ದಸರಾ ಬಂದರೆ ಸಯ್ಯಾಜಿರಾವ್ ರಸ್ತೆಯಿಂದ ಬನ್ನಿಮಂಟಪದವರೆಗೆ ಗುಂಡಿಗಳು ತಾವೇ ಮುಚ್ಚಿಕೊಳ್ಳುತ್ತವೆ. ನಮ್ಮ ಬೀದಿಯಲ್ಲಿ ಆನೆ ಬರುವುದಿಲ್ಲ. ಹಸು ಬರುತ್ತದೆ, ಅದಕ್ಕೆ ಆದ್ಯತೆ ಇಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಮಾಡಿ ಸುಮಾರು 150 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದ ನಾಡು ನಮ್ಮದು. ಕಂಬದ ತುದಿಯ ಆರಡಿ ವೈರಿನಲ್ಲಿ ಅದಕ್ಕೆ ದಾರಿ ತಪ್ಪಿತು.

ದೀಪ ಕೊನೆಗೆ ಹತ್ತಿತು. ಆ್ಯಪಿನಿಂದಲ್ಲ. ಮಳೆಗೆ ಕೊಂಬೆ ಬಿದ್ದು ವೈರು ಜೋತಾಡುತ್ತಿತ್ತು, ಅದನ್ನು ನೋಡೋಕೆ ಲೈನ್‌ಮ್ಯಾನ್ ಬಂದಿದ್ದ. ಎದುರುಮನೆ ಅಜ್ಜಿ ಅವನನ್ನು ಕೂರಿಸಿ ಕಾಫಿ ಕೊಟ್ಟು, ಲೋಟ ವಾಪಸ್ ಇಸಕೊಳ್ಳುವಾಗ, 'ಹಾಗೇ ಇದೊಂದು ನೋಡಪ್ಪಾ' ಅಂದರು. ನಾಲ್ಕು ನಿಮಿಷದ ಕೆಲಸ. ಸ್ವಿಚ್ಚಿನ ತಂಟೆಯೇ ಬೇಡ ಅಂತ ನೇರ ಕನೆಕ್ಷನ್ ಕೊಟ್ಟು ಹೋದ.

ಈಗ ದೀಪ ಹಗಲೂ ರಾತ್ರಿ ಉರಿಯುತ್ತದೆ. ಮನಸ್ಸು ತಡೆಯದೆ ಇನ್ನೊಂದು ದೂರು ಹಾಕಿದೆ: ಹಗಲಲ್ಲೂ ಉರಿಯುತ್ತಿದೆ, ಕರೆಂಟು ದಂಡ. ಈ ಸಲ ಅವರು ರಾತ್ರಿ ಎಂಟಕ್ಕೆ ಬಂದರು. 'ಪರಿಶೀಲಿಸಲಾಗಿ, ದೀಪ ಉರಿಯುತ್ತಿದ್ದು, ಸರಿಯಾಗಿದೆ.'

ಅಜ್ಜಿ ಮನೆಯ ಗೋಡೆಯಲ್ಲಿ ಒಂಟಿಕೊಪ್ಪಲು ಪಂಚಾಂಗದ ಪಕ್ಕ ಒಂದು ಕ್ಯಾಲೆಂಡರ್ ಇದೆ. ಗ್ಯಾಸ್ ಬಂದ ದಿನ, ಹಾಲು ತಪ್ಪಿದ ದಿನ, ಎಲ್ಲ ಅದರಲ್ಲಿ ಬರೆಯುತ್ತಾರೆ. ದೀಪ ಇಲ್ಲದ ಒಂದೊಂದು ದಿನಕ್ಕೂ ಒಂದು ಅಡ್ಡಗೀಟು ಇತ್ತು. ದೀಪ ಹತ್ತಿದ ಮೇಲೂ ಅವರು ಗೀಟು ನಿಲ್ಲಿಸಿರಲಿಲ್ಲ. ಮೂರು ದಿನ ನೋಡ್ತೀನಿ ಅಂದರು. ನೋಡಿ, ಆಮೇಲೆ ಒಂದು ಸುತ್ತು ಹಾಕಿದರು. ನಾನು ಬೆರಗಾಗಿ ನೋಡುತ್ತಿದ್ದೆ. ಹಾಗೆ ನೋಡುವಾಗ ಮೇಲಿನ ಮೂಲೆಯಲ್ಲಿ ನಮ್ಮ ಮನೆ ಹೆಸರು ಕಂಡಿತು.

'ಇದೇನಜ್ಜಿ?'

'ನಿನ್ನ ಹೆಂಡತಿ ಯುಗಾದಿಗೆ ಒಬ್ಬಟ್ಟು ತಗೊಂಡು ಹೋದಳಲ್ಲ, ಸ್ಟೀಲ್ ಡಬ್ಬಿ. ಎರಡು ವರ್ಷ ಆಯ್ತು. ಪ್ರತಿ ಸಲ ಹೊಸ ಕ್ಯಾಲೆಂಡರಿಗೆ ಇಳಿಸಿಕೊಳ್ತೀನಿ.'

'ಅಯ್ಯೋ, ಅದು ಆಗಲೇ ವಾಪಸ್ ಕೊಟ್ಟಾಗಿದೆ ಅಜ್ಜಿ' ಅಂದೆ. ಬಾಯಿಗೆ ಅಭ್ಯಾಸ.

ಅಜ್ಜಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಅಡುಗೆಮನೆ ಬಾಗಿಲು ಪೂರ್ತಿ ತೆರೆದರು. 'ಎಲ್ಲಿ, ತೋರ್ಸು' ಅಂದರು.